ಅಪ್ಪನ ಡೈರಿ ತೆರೆಯಬೇಕು, ಎಕ್ಸ್‌ಪಿ ಏಳುತ್ತಿಲ್ಲ

ಪ್ರಶ್ನೆ: ಅಪ್ಪ 1996ರಿಂದ ಕಂಪ್ಯೂಟರಿನಲ್ಲೇ ಡೈರಿ ಬರೆಯುತ್ತಿದ್ದರು. ಈಗ ಅವರಿಲ್ಲ. ಡೈರಿಯೂ ಅದರ ಪ್ರೋಗ್ರಾಂ ಕೂಡ ಒಂದು ಸಿಡಿಯಲ್ಲಿವೆ. ಅದು ಹಳೆ ಕಾಲದ 16 ಬಿಟ್ ಪ್ರೋಗ್ರಾಂ, ನನ್ನ ಲ್ಯಾಪ್‌ಟಾಪ್‌ನಲ್ಲಿ ಓಪನ್ ಆಗುವುದಿಲ್ಲ. ಅವರ ಹಳೆ ವಿಂಡೋಸ್ ಎಕ್ಸ್‌ಪಿ ಸಿಡಿ, ಕೀ ಎರಡೂ ಇವೆ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಪ್ರೋಗ್ರಾಂನಲ್ಲಿ ಹಾಕಲು ಹೋದರೆ ನೀಲಿ ಪರದೆ ಬಂದು 7ಬಿ ಎಂಬ ಕೋಡ್ ತೋರಿಸುತ್ತದೆ. ಟೈಪ್ ಕೇಳಿದಾಗ ಲ್ಯಾಪ್‌ಟಾಪ್‌ನಲ್ಲಿರುವ ವಿಂಡೋಸ್ 10 ಅನ್ನೇ ಆರಿಸಿದೆ. 8 ಜಿಬಿ ಮೆಮೊರಿಯನ್ನೂ ಕೊಟ್ಟಿದ್ದೇನೆ. ಸಿಡಿ ಹಾಳಾಗಿದೆಯಾ?

ಉತ್ತರ: ಸಿಡಿ ಬಗ್ಗೆ ಗಾಬರಿ ಬೇಡ. ತಪ್ಪಾಗಿರುವುದು ಟೈಪ್‌ನಲ್ಲಿ. ಒಳಗೆ ಯಾವುದನ್ನು ಹಾಕುತ್ತೀರೋ ಅದರ ಹೆಸರನ್ನು ಅಲ್ಲಿ ಕೊಡಬೇಕು. ವಿಂಡೋಸ್ 10 ಎಂದರೆ ವರ್ಚುವಲ್‌ಬಾಕ್ಸ್ ಸಾಟಾ ಎಂಬ ಹೊಸ ಬಗೆಯ ಡಿಸ್ಕ್ ಜೋಡಿಸುತ್ತದೆ. ಎಕ್ಸ್‌ಪಿ ಬಂದದ್ದು 2001ರಲ್ಲಿ. ಆ ಡಿಸ್ಕ್ ನಡೆಸುವ ಎಎಚ್‌ಸಿಐ ಪದ್ಧತಿ ಬಂದದ್ದು ಅದಾದ ಮೇಲೆ. ಹಾಗಾಗಿ ನಿಮ್ಮ ಸಿಡಿಯಲ್ಲಿ ಅದರ ಡ್ರೈವರ್ (ಅದನ್ನು ನಡೆಸುವ ಚಿಕ್ಕ ಪ್ರೋಗ್ರಾಂ) ಇಲ್ಲ, ಸೆಟಪ್‌ಗೆ ಡಿಸ್ಕೇ ಕಾಣುವುದಿಲ್ಲ. 7ಬಿ ಹೇಳುತ್ತಿರುವುದು ಅದನ್ನೇ.

ವರ್ಚುವಲ್‌ಬಾಕ್ಸ್‌ನಲ್ಲಿ ಮಾಡಿದ ಆ ಮಶೀನ್ ಅಳಿಸಿ ಹೊಸದು ಮಾಡಿ. ಅದಕ್ಕೂ ಮೊದಲು ಎರಡೂ ಸಿಡಿಗಳನ್ನು ಐಎಸ್‌ಒ ಫೈಲ್ (ಇಡೀ ಸಿಡಿಯ ನಕಲು ಇರುವ ಒಂದೇ ಫೈಲ್) ಮಾಡಿಟ್ಟುಕೊಳ್ಳಿ. ಇದನ್ನು ಇವತ್ತೇ ಮಾಡಿ. ನನ್ನ ಅಕ್ಕನ ಪತ್ರಗಳಿದ್ದ ಸಿಡಿಯನ್ನು ನಾನು ದಿನಕ್ಕೆ ನಾಲ್ಕು ಸಲ ಡ್ರೈವ್‌ಗೆ ಹಾಕಿ ತೆಗೆಯುತ್ತಿದ್ದೆ. ಅಂಚಿನಲ್ಲಿ ಕೂದಲೆಳೆಯಂಥ ಗೀರು ಬಿತ್ತು. ಸಿಡಿಯಲ್ಲಿ ಬರಹ ಒಳಗಿನಿಂದ ಹೊರಕ್ಕೆ ಸಾಗುತ್ತದೆ, ಅಂಚಿನಲ್ಲಿರುವುದು ಕೊನೆಗೆ ಬರೆದದ್ದು. ಅವಳ ಕೊನೆಯ ವರ್ಷದ ಪತ್ರಗಳು ಇದ್ದದ್ದು ಅಲ್ಲೇ. ಅವು ಮತ್ತೆ ಸಿಗಲಿಲ್ಲ.

ಈಗ ಟೈಪ್‌ನಲ್ಲಿ ‘ವಿಂಡೋಸ್ ಎಕ್ಸ್‌ಪಿ 32 ಬಿಟ್’ ಆರಿಸಿ. ಡಿಸ್ಕ್ ತಾನಾಗಿಯೇ ಐಡಿಇ ಎಂಬ ಹಳೆ ಬಗೆಯದಾಗುತ್ತದೆ, ಎಕ್ಸ್‌ಪಿಗೆ ಅದು ಗೊತ್ತು. 32 ಬಿಟ್ ಎಂಬುದು ಮುಖ್ಯ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದೇ ಇಲ್ಲ, ನಿಮ್ಮ ಲ್ಯಾಪ್‌ಟಾಪ್‌ನ ತಕರಾರೂ ಇದೇ. ಮೆಮೊರಿ ಜಾಸ್ತಿ ಕೊಟ್ಟರೆ ವೇಗ ಬರುತ್ತದೆ ಅನ್ನಿಸುತ್ತದೆ ಅಲ್ವಾ? 32 ಬಿಟ್ ಎಕ್ಸ್‌ಪಿಗೆ 4 ಜಿಬಿ ದಾಟಿ ಬಳಸಲು ಬರುವುದಿಲ್ಲ. ಡೈರಿ ಓದಲು 512 ಎಂಬಿ ಧಾರಾಳ. ಪ್ರೊಸೆಸರ್ ಒಂದು, ಡಿಸ್ಕ್ 10 ಜಿಬಿ ಸಾಕು.

ಸೆಟಪ್ ಎಡಗಡೆ ‘39 ನಿಮಿಷ’ ಎಂದು ತೋರಿಸುತ್ತದೆ. ಅದನ್ನು ನಂಬಿ ಕೂರಬೇಡಿ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬೇಗ ಮುಗಿಯುತ್ತದೆ. ಮೌಸ್ ಕಿಟಕಿಯೊಳಗೆ ಸಿಕ್ಕಿಹಾಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ. ನೆಟ್‌ವರ್ಕ್ ಮಾತ್ರ ತೆಗೆದುಬಿಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ, ಇಂಟರ್‌ನೆಟ್‌ಗೆ ಒಡ್ಡುವ ಮಶೀನ್ ಅಲ್ಲ ಅದು. ಎಕ್ಸ್‌ಪಿ ಎದ್ದು ನಿಂತ ಕೂಡಲೇ ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ (ಮಶೀನಿನ ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆಯಿರಿ. ಮುಂದೆ ಏನೇ ಎಡವಟ್ಟಾದರೂ ಅಲ್ಲಿಗೇ ವಾಪಸ್ ಬರಬಹುದು.

ಇನ್ನೊಂದು ತೊಡಕು ಬರಬಹುದು. ಡೈರಿ ಪ್ರೋಗ್ರಾಂ ಹಾಕುವಾಗ ‘ಡಿಸ್ಕಿನಲ್ಲಿ ಜಾಗವಿಲ್ಲ’ ಎನ್ನಬಹುದು. ಆ ಕಾಲದ ಕೆಲವು ಪ್ರೋಗ್ರಾಂಗಳಿಗೆ 2 ಜಿಬಿಗಿಂತ ಹೆಚ್ಚು ಖಾಲಿ ಜಾಗವನ್ನು ಲೆಕ್ಕ ಹಾಕಲು ಬರುವುದಿಲ್ಲ. 1 ಜಿಬಿಯ ಎರಡನೇ ಡಿಸ್ಕ್ ಜೋಡಿಸಿ, ಫಾರ್ಮ್ಯಾಟ್ ಮಾಡಿ, ಅದರಲ್ಲಿ ಹಾಕಿ.

ಡೈರಿಯನ್ನು ಸಿಡಿಯಿಂದಲೇ ತೆರೆಯಬೇಡಿ, ಮೊದಲು ಡಿಸ್ಕಿಗೆ ಕಾಪಿ ಮಾಡಿ. ತೆರೆದ ದಿನ ಸುಮ್ನೆ ಓದುತ್ತಾ ಕೂರುವ ಆಸೆಯಾಗುತ್ತದೆ. ಓದಿ. ಆದರೆ ಎದ್ದೇಳುವ ಮುಂಚೆ ಒಂದೊಂದು ತಿಂಗಳನ್ನೂ ಬರೀ ಟೆಕ್ಸ್ಟ್ ಫೈಲ್ ಆಗಿ ಸೇವ್ ಮಾಡಿ. ಆಮೇಲೆ ಎಕ್ಸ್‌ಪಿಯೊಳಗೆ ವರ್ಚುವಲ್‌ಬಾಕ್ಸ್‌ನದೇ ಆದ ಗೆಸ್ಟ್ ಅಡಿಷನ್ಸ್ ಎಂಬ ಪೂರಕ ಪ್ರೋಗ್ರಾಂ ಹಾಕಿ, ಶೇರ್ಡ್ ಫೋಲ್ಡರ್ (ಎರಡೂ ಕಡೆಗೆ ಕಾಣುವ ಫೋಲ್ಡರ್) ಮೂಲಕ ಅವನ್ನೆಲ್ಲ ಲ್ಯಾಪ್‌ಟಾಪ್‌ಗೆ ತಂದುಕೊಳ್ಳಿ.