ನಿಮ್ಮ ಹೊಂಡ ಎಷ್ಟು ಕೆಜಿ ಮೀನು ಹೊರ್ತದೆ? ಮೀನು ಸಾಕಣೆ ಬಗ್ಗೆ ಓದುಗರು ಕೇಳಿದ್ದು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಶಬ್ದಗಳ ಬಗ್ಗೆನೇ. ಡೆನ್ಸಿಟಿ, ಎಫ್‌ಸಿಆರ್, ಡಿಒ, ಪಿಪಿಟಿ ಅಂತ ಟ್ರೈನಿಂಗ್‌ನಲ್ಲಿ ಬರೆಸಿ ಕಳಿಸ್ತಾರೆ, ಮನೆಗೆ ಬಂದು ಹೊಂಡದ ಬದಿಯಲ್ಲಿ ನಿಂತ್ರೆ ಯಾವುದೂ ತಲೆಗೆ ಹೋಗುದಿಲ್ಲ ಅಂತ. ಸೀದಾ ಪ್ರಶ್ನೆಗೆ ಹೋಗುವ.

ಪ್ರಶ್ನೆ (ಮೂಡುಬಿದಿರೆ): ನಮ್ದು ಹಳೇ ಕೆಂಪುಕಲ್ಲಿನ ಕೋರೆ ಉಂಟು, ಸುಮಾರು 25 ಸೆಂಟ್ಸ್, ಬೇಸಿಗೆಯಲ್ಲೂ 20 ಅಡಿ ನೀರು ನಿಲ್ತದೆ. ಕಾಟ್ಲ, ರೋಹು ಹಾಕುವ ಅಂತ. ಮರಿ ಮಾರುವವರು "ಇಷ್ಟು ನೀರುಂಟಲ್ಲ, 3000 ಹಾಕಿ" ಅಂತಾರೆ, ಇನ್ನೊಬ್ರು ಸ್ಟಾಕಿಂಗ್ ಡೆನ್ಸಿಟಿ ಜಾಸ್ತಿ ಆಯ್ತು ಅಂತಾರೆ. ಯಾರ ಮಾತು ಕೇಳುದು?

ಉತ್ತರ: ಎರಡನೆಯವರದ್ದು. ಮರಿ ಮಾರುವವರಿಗೆ ಮರಿ ಖರ್ಚಾಗ್ಬೇಕು, ಅದು ಅವರ ವ್ಯಾಪಾರ, ತಪ್ಪೇನಿಲ್ಲ. ಸ್ಟಾಕಿಂಗ್ ಡೆನ್ಸಿಟಿ ಅಂದ್ರೆ ಇಷ್ಟು ಜಾಗಕ್ಕೆ ಇಷ್ಟು ಮರಿ ಅನ್ನುವ ಲೆಕ್ಕ, ಮಣ್ಣಿನ ಹೊಂಡದಲ್ಲಿ ಇದನ್ನು ನೀರಿನ ಆಳದಿಂದ ಅಲ್ಲ, ಮೇಲ್ಮೈಯ ವಿಸ್ತೀರ್ಣದಿಂದ ಹಾಕುದು. ಯಾಕಂದ್ರೆ ಆಮ್ಲಜನಕ ಸಿಗುದು ಎರಡೇ ಕಡೆಯಿಂದ, ಒಂದು ಗಾಳಿ ತಾಗುವ ಮೇಲ್ಮೈಯಿಂದ, ಇನ್ನೊಂದು ಬಿಸಿಲು ಮುಟ್ಟುವಷ್ಟು ಆಳದಲ್ಲಿರುವ ಹಸಿರು ಪಾಚಿ ಕಣಗಳಿಂದ, ಅದನ್ನೇ ಪ್ಲಾಂಕ್ಟನ್ ಅನ್ನುದು. ನಿಮ್ಮ 20 ಅಡಿಯಲ್ಲಿ ಮೇಲಿನ ಐದಾರು ಅಡಿ ಮಾತ್ರ ಕೆಲಸದ ನೀರು, ಕೆಳಗಿನದ್ದು ಕತ್ತಲೆ, ತಂಪು, ಅಲ್ಲಿ ಕೊಳೆತ ಎಲೆ ಬಿಟ್ರೆ ಎಂತ ಇಲ್ಲ.

ಏರೇಟರ್, ಅಂದ್ರೆ ನೀರಿಗೆ ಗಾಳಿ ಕೊಡುವ ಯಂತ್ರ, ಇಲ್ಲದ ಹೊಂಡಕ್ಕೆ ಎಕರೆಗೆ 2000 ಬೆರಳುದ್ದದ ಮರಿ ಅಂತ ಸಾಮಾನ್ಯ ಲೆಕ್ಕ, ಹಾಗಾದ್ರೆ ನಿಮ್ಮ 25 ಸೆಂಟ್ಸಿಗೆ 500. ಅದ್ರಲ್ಲಿ 400 ಉಳಿದು ಒಂದೊಂದು 800 ಗ್ರಾಂ ಬಂದ್ರೆ 320 ಕೆಜಿ. ಈ ಒಟ್ಟು ತೂಕಕ್ಕೆ ಬಯೋಮಾಸ್ ಅಂತ ಹೆಸರು, ಬೇರೆ ಶಬ್ದ ಮರೆತ್ರೂ ಇದೊಂದು ನೆನಪಿಟ್ಕೊಳ್ಳಿ, ಯಾಕಂದ್ರೆ ಹೊಂಡ ಹೊರುದು ತೂಕವನ್ನು, ತಲೆಯನ್ನಲ್ಲ. ಅದೇ ಹೊಂಡಕ್ಕೆ 3000 ಹಾಕಿ 2400 ಉಳಿದ್ರೂ ಹೊಂಡ ಹೊರುದು ಹೆಚ್ಚುಕಡಿಮೆ ಅದೇ 320 ಕೆಜಿ, ಅಂದ್ರೆ ಒಂದೊಂದು ಮೀನು 130 ಗ್ರಾಂ, ಮಾರ್ಕೆಟ್ಟಲ್ಲಿ ಅದನ್ನು ಯಾರು ತಗೊಳ್ತಾರೆ ಹೇಳಿ. ಕಾಟ್ಲ ಮೇಲೆ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯ್ತದೆ, ಮೂರನ್ನೂ ಒಟ್ಟಿಗೆ ಸಾಕುದನ್ನೇ ಮಿಶ್ರ ಸಾಕಣೆ ಅನ್ನುದು, 4:3:3 ಪ್ರಮಾಣ. ಆದ್ರೆ ಕೋರೆಯ ತಳದಲ್ಲಿ ಉಸಿರೇ ಇಲ್ಲದ ಕಾರಣ ಮೃಗಾಲ್ ಸ್ವಲ್ಪ ಕಡಿಮೆ ಮಾಡಿ ಅಂತ ನನ್ನ ಸಲಹೆ.

ಕೋರೆಯವರಿಗೆ ಇನ್ನೊಂದು ಹೇಳ್ಲಿಕ್ಕೆ ಉಂಟು. ಬೇಸಿಗೆಯಿಡೀ ಮೇಲಿನ ಬಿಸಿ ನೀರು ಮೇಲೆ, ಕೆಳಗಿನ ತಂಪು ನೀರು ಕೆಳಗೆ, ಎರಡು ಪದರ ಆಗಿ ಕೂತಿರ್ತದೆ. ಮೇ ಕೊನೆಗೋ ಜೂನ್ ಮೊದಲಿಗೋ ಒಂದು ಜೋರು ಗಾಳಿ ಮಳೆ ಬಂದು ಮೇಲಿನದ್ದು ತಣ್ಣಗಾದ ಕೂಡಲೇ ಪದರ ಒಡೆದು ತಳದ ಕೆಟ್ಟ ನೀರು ಮೇಲೆ ಬರ್ತದೆ, ಬೆಳಿಗ್ಗೆ ನೋಡಿದ್ರೆ ಮೀನೆಲ್ಲ ಹೊಟ್ಟೆ ಮೇಲೆ. ಆಗ ಯಾರೋ ವಿಷ ಹಾಕಿದ್ದು ಅಂತ ಪಕ್ಕದ ಮನೆಯವರ ಮೇಲೆ ಸಂಶಯ ಬರುದು, ಪೊಲೀಸ್ ಕಂಪ್ಲೇಂಟಿನವರೆಗೆ ಹೋಗುದು ಎಲ್ಲ ಆಗ್ತದೆ. ಹಾಗಾಗಿ ಮಳೆಗೆ ಮೊದಲೇ ದೊಡ್ಡ ಮೀನು ಹಿಡಿದು ಮಾರಿ ಬಯೋಮಾಸ್ ಇಳಿಸಿ. ಹಿಡಿಯುದು ಹೇಗೆ ಅಂತಲೂ ಮರಿ ಹಾಕುವ ಮೊದಲೇ ಯೋಚನೆ ಮಾಡಿ, ಕೋರೆಯ ತಳದ ಕಲ್ಲಿಗೆ ಎಳೆಬಲೆ ಸಿಕ್ಕಿ ಹರಿಯುದು ಗ್ಯಾರಂಟಿ.

ಪ್ರಶ್ನೆ (ಬೆಳ್ತಂಗಡಿ): ಫೀಡ್ ಕಂಪನಿಯ ಹುಡುಗ ನಮ್ಮ ಫೀಡಿಗೆ ಎಫ್‌ಸಿಆರ್ ಒಂದು ಬರ್ತದೆ ಅಂದ. ನಮಗೆ ಎರಡರ ಹತ್ರ ಬಂತು. ಮೋಸವಾ?

ಉತ್ತರ: ಶೋರೂಮಲ್ಲಿ ಹೇಳುವ ಬೈಕ್ ಮೈಲೇಜ್ ಇದ್ದ ಹಾಗೆ ಅದು, ಸುಳ್ಳು ಅಂತ ಅಲ್ಲ, ಆದ್ರೆ ನಿಮ್ಮ ರಸ್ತೆಯದ್ದಲ್ಲ. ಎಫ್‌ಸಿಆರ್ ಅಂದ್ರೆ ಒಂದು ಕೆಜಿ ಮೀನು ಬೆಳೀಲಿಕ್ಕೆ ಎಷ್ಟು ಕೆಜಿ ಆಹಾರ ಹೋಯ್ತು ಅಂತ. ನೀವು 40 ಕೆಜಿ ಮರಿ ಬಿಟ್ಟು 440 ಕೆಜಿ ಹಿಡಿದ್ರೆ ಬೆಳೆದದ್ದು 400, ಅದಕ್ಕೆ 640 ಕೆಜಿ ಫೀಡ್ ಖರ್ಚಾಗಿದ್ರೆ 640 ಭಾಗಿಸು 400, ಅಂದ್ರೆ 1.6. ಫೀಡಿಗೆ ಕೆಜಿಗೆ 50 ರೂಪಾಯಿ ಅಂತ ಇಟ್ಕೊಂಡ್ರೆ ಒಂದು ಕೆಜಿ ಮೀನಿಗೆ ಬರೀ ಆಹಾರದ ಖರ್ಚೇ 80 ರೂಪಾಯಿ, ಎರಡು ಬಂದ್ರೆ 100. ಕಾಟ್ಲ ರೋಹುವಿಗೆ 1.5ರಿಂದ 2ರ ಒಳಗೆ ಬಂದ್ರೆ ತಲೆ ಕೆಡಿಸ್ಕೊಳ್ಬೇಡಿ.

ಇಲ್ಲಿ ತುಂಬ ಜನ ಮರೆಯುದು ಸತ್ತ ಮೀನಿನ ಲೆಕ್ಕ. ಅರ್ಧ ಬೆಳೆದು ಸತ್ತದ್ದು, ನೀರುಕಾಗೆ ಎತ್ಕೊಂಡು ಹೋದದ್ದು, ನೀರುನಾಯಿ ತಿಂದದ್ದು, ಅವೆಲ್ಲ ಸಾಯುವವರೆಗೆ ನಿಮ್ಮ ಫೀಡೇ ತಿಂದದ್ದಲ್ವಾ, ಅದು ಉಳಿದ ಮೀನಿನ ಲೆಕ್ಕಕ್ಕೆ ಬಂದು ಕೂರ್ತದೆ. ಹಾಗಾಗಿ ಎಫ್‌ಸಿಆರ್ ಕೆಟ್ಟು ಹೋದ್ರೆ ಮೊದಲು ಬೈಯ್ಬೇಕಾದ್ದು ಫೀಡಿಗೆ ಅಲ್ಲ, ಎಷ್ಟು ಉಳಿದಿದೆ ಅಂತ ನೋಡ್ಬೇಕು. 15 ದಿನಕ್ಕೊಮ್ಮೆ ಬೀಸುಬಲೆ ಹಾಕಿ ಇಪ್ಪತ್ತು ಮೂವತ್ತು ಮೀನು ತೂಗಿ ಸರಾಸರಿ ತೆಗೆದು, ಅದ್ರ ಮೇಲೆ ದಿನದ ಆಹಾರ ಹಾಕಿ. ಈ ತೂಗುವ ಕೆಲಸಕ್ಕೇ ಸ್ಯಾಂಪ್ಲಿಂಗ್ ಅನ್ನುದು. ತೂಗದೆ ಬಕೆಟ್ ಲೆಕ್ಕದಲ್ಲಿ ಎಸೆಯುವವರಿಗೆ ಯಾವ ಕಂಪನಿಯ ಫೀಡೂ ಒಂದೇ.

ಪ್ರಶ್ನೆ (ಕಾರ್ಕಳ): ಬೆಳಿಗ್ಗೆ 6 ಗಂಟೆಗೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತದೆ, 9 ಗಂಟೆಗೆ ಸರಿ ಆಗ್ತದೆ. ನೀರು ಒಳ್ಳೇ ಹಸಿರು ಉಂಟು, ದಿನಾ ಸೆಗಣಿ ಹಾಕ್ತೇವೆ. ಅಂಗಡಿಯವರು ಅಮೋನಿಯಾ ಇರ್ಬಹುದು, ಸುಣ್ಣ ಹಾಕಿ ಅಂದ್ರು.

ಉತ್ತರ: ಮಾರಾಯ್ರೆ, ಮೊದಲು ಆ ಸೆಗಣಿ ನಿಲ್ಸಿ. ಸುಣ್ಣವನ್ನೂ ಇವತ್ತು ಹಾಕ್ಬೇಡಿ, ಯಾಕೆ ಅಂತ ಹೇಳ್ತೇನೆ.

ಡಿಒ ಅಂದ್ರೆ ನೀರಲ್ಲಿ ಕರಗಿದ ಆಮ್ಲಜನಕ. ಲೀಟರಿಗೆ 5 ಮಿಲಿಗ್ರಾಂ ಮೇಲಿದ್ರೆ ಮೀನು ಆರಾಮ, 3ಕ್ಕಿಂತ ಕೆಳಗೆ ಹೋದ್ರೆ ತಿನ್ನುದು ಬಿಡ್ತದೆ, ಇನ್ನೂ ಕೆಳಗೆ ಹೋದ್ರೆ ನೀವು ನೋಡಿದ ಹಾಗೆ ಮೇಲೆ ಬರ್ತದೆ. ಹಸಿರು ಪ್ಲಾಂಕ್ಟನ್ ಹಗಲು ಬಿಸಿಲಿಗೆ ಆಮ್ಲಜನಕ ಕೊಡ್ತದೆ, ಸರಿ, ಆದ್ರೆ ರಾತ್ರಿ ಅದೂ ಉಸಿರಾಡ್ತದೆ, ಮೀನೂ ಉಸಿರಾಡ್ತದೆ, ಸೆಗಣಿ ಕೊಳೆಸುವ ಬ್ಯಾಕ್ಟೀರಿಯಾ ಎಲ್ಲರಿಗಿಂತ ಹೆಚ್ಚು ಎಳೀತದೆ, ಹಾಗಾಗಿ ಡಿಒ ಅತೀ ಕಡಿಮೆ ಇರುದು ಸೂರ್ಯ ಹುಟ್ಟುವ ಸ್ವಲ್ಪ ಮೊದಲು. ಮಧ್ಯಾಹ್ನ 2 ಗಂಟೆಗೆ ಮೀಟರ್ ಹಿಡಿದು "ಡಿಒ ಚೆನ್ನಾಗುಂಟು" ಅನ್ನುವವರ ಮಾತಿಗೆ ಬೆಲೆ ಇಲ್ಲ, ಬೆಳಗಿನ ನಂಬರ್ ಕೇಳಿ. ಮೋಡ ಮುಚ್ಚಿದ ದಿನ ಹಗಲೂ ಉತ್ಪತ್ತಿ ಇಲ್ಲ, ಎರಡು ಮೂರು ದಿನ ಹಾಗೆ ಇದ್ರೆ ಫೀಡ್ ನಿಲ್ಸುದೇ ಒಳ್ಳೇದು. ಹಸಿರು ಎಷ್ಟಿರ್ಬೇಕು ಅಂತ ನೋಡ್ಲಿಕ್ಕೆ ಕೈಯನ್ನು ನೀರಲ್ಲಿ ನೇರ ಇಳಿಸಿ, ಮೊಣಕೈ ಮುಳುಗುವ ಮೊದಲೇ ಅಂಗೈ ಕಾಣದಾದ್ರೆ ಹಸಿರು ಅತಿ ಆಯ್ತು ಅಂತ ಲೆಕ್ಕ. ಸದ್ಯಕ್ಕೆ ರಾತ್ರಿ 2ರಿಂದ ಬೆಳಿಗ್ಗೆವರೆಗೆ ಪಂಪಿನ ನೀರನ್ನು ಮೇಲಿಂದ ಚಿಮ್ಮಿಸಿ ಬೀಳಿಸಿ.

ಇನ್ನು ಸುಣ್ಣ. ನೀರು ಪರೀಕ್ಷೆಯ ಕಿಟ್‌ನಲ್ಲಿ ತೋರಿಸುದು ಮೀನಿನ ಗಲೀಜಿಂದ ಬರುವ ಒಟ್ಟು ಅಮೋನಿಯಾ, ಅದ್ರಲ್ಲಿ ಮೀನಿಗೆ ವಿಷ ಆಗುದು ಒಂದು ಭಾಗ ಮಾತ್ರ, ಆ ಭಾಗ ಎಷ್ಟು ಅಂತ ಹೇಳುದು ಪಿಎಚ್, ಅಂದ್ರೆ ನೀರು ಹುಳಿಯಾ ಕ್ಷಾರವಾ ಅನ್ನುವ ಅಳತೆ. ನಮ್ಮ ಕಡೆಯ 28 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ಶೇಕಡಾ 1ಕ್ಕಿಂತ ಕಡಿಮೆ, 8 ಆದ್ರೆ ಆರೇಳು, 9 ಆದ್ರೆ ಶೇಕಡಾ 40ರ ಹತ್ರ. ಅಮೋನಿಯಾ ಇರುವ ಹೊಂಡಕ್ಕೆ ಸುಟ್ಟ ಸುಣ್ಣ ಸುರಿದ್ರೆ ಪಿಎಚ್ ಒಮ್ಮೆಲೇ ಏರಿ, ಇದ್ದ ಅಮೋನಿಯಾವೇ ವಿಷ ಆಗಿ ಮೀನು ಸಾಯ್ತದೆ. ಹಾಗಂತ ಸುಣ್ಣವೇ ಬೇಡ ಅಂತಲ್ಲ. ನಮ್ಮ ಕೆಂಪುಮಣ್ಣು ಹುಳಿ, ನೀರಲ್ಲಿ ಕ್ಷಾರಾಂಶ, ಅಂದ್ರೆ ಆಲ್ಕಲಿನಿಟಿ, ಕಡಿಮೆ, ಅದಕ್ಕೇ ಬೆಳಿಗ್ಗೆ 6.5 ಇದ್ದ ಪಿಎಚ್ ಸಂಜೆ 9 ದಾಟುದು. ಮರಿ ಬಿಡುವ ಮೊದಲು ಕೃಷಿ ಸುಣ್ಣ (ಸುಡದ ಸುಣ್ಣಕಲ್ಲಿನ ಪುಡಿ) ಹಾಕಿ ಆಲ್ಕಲಿನಿಟಿ ಲೀಟರಿಗೆ 50 ಮಿಲಿಗ್ರಾಂ ದಾಟಿಸಿದ್ರೆ ಈ ಏರಿಳಿತ ತುಂಬ ಕಡಿಮೆ ಆಗ್ತದೆ. ಪಿಎಚ್ ಅಳೆಯುದಾದ್ರೆ ಬೆಳಿಗ್ಗೆ ಒಮ್ಮೆ, ಸಂಜೆ 4ಕ್ಕೆ ಒಮ್ಮೆ, ಎರಡೂ ಬರೆದಿಡಿ.

ಪ್ರಶ್ನೆ (ಕುಂದಾಪುರ): ಸಿಗಡಿ ಮರಿ ತರುವಾಗ ಎಸ್‌ಪಿಎಫ್ ಅಂತ ಹೇಳಿ ಕೊಟ್ರು, ಆದ್ರೂ ಬಿಳಿಚುಕ್ಕೆ ರೋಗ ಬಂತಲ್ಲ?

ಉತ್ತರ: ಎಸ್‌ಪಿಎಫ್ ಅಂದ್ರೆ ಪಟ್ಟಿ ಮಾಡಿದ ಕೆಲವು ರೋಗಾಣುಗಳು ಅದ್ರಲ್ಲಿ ಇಲ್ಲ ಅಂತ ಮಾತ್ರ, ರೋಗ ತಡ್ಕೊಳ್ತದೆ ಅಂತ ಅಲ್ಲ. ವನ್ನಾಮಿ ಜಾತಿಯ ಸಿಗಡಿ ಸಾಕ್ಲಿಕ್ಕೆ 2009ರಲ್ಲಿ ಅನುಮತಿ ಸಿಕ್ಕಿದಾಗಿನಿಂದ ತಾಯಿ ಸಿಗಡಿ ಹೊರದೇಶದಿಂದ ಬಂದು ಚೆನ್ನೈಯ ಕ್ವಾರಂಟೈನ್ ದಾಟಿಯೇ ಹ್ಯಾಚರಿಗೆ ಹೋಗುದು, ಅಲ್ಲಿವರೆಗೆ ಸರಿ. ನಿಮ್ಮ ಹೊಂಡಕ್ಕೆ ಬಂದ ಮೇಲೆ ಏಡಿಯಿಂದ, ಪಕ್ಕದ ಹೊಂಡದ ನೀರಿಂದ, ಕಾಗೆ ತಂದು ಹಾಕಿದ ಸತ್ತ ಸಿಗಡಿಯಿಂದ ವೈರಸ್ ಬಂದ್ರೆ ಸರ್ಟಿಫಿಕೇಟ್ ಎಂತ ಮಾಡ್ತದೆ. ಏಡಿ ಬೇಲಿ, ಹಕ್ಕಿ ಬಲೆ, ನೀರು ಬಿಡುವಲ್ಲಿ ಫಿಲ್ಟರ್, ಇದಕ್ಕೆಲ್ಲ ಒಟ್ಟಿಗೆ ಬಯೋಸೆಕ್ಯೂರಿಟಿ ಅಂತಾರೆ, ಅದು ಇಲ್ದಿದ್ರೆ ಎಸ್‌ಪಿಎಫ್‌ಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ.

ಪ್ರಶ್ನೆ (ಬೈಂದೂರು ಕಡೆಯಿಂದ): ಹೊಳೆಬಾಗಿಲ ಹತ್ರ ಪಂಜರದಲ್ಲಿ ಸೀಬಾಸ್ ಸಾಕಿದ್ದೇವೆ. ಜೂನ್ ಜುಲೈಯಲ್ಲಿ ಬೋಟ್ ಇರುದಿಲ್ಲ, ಒಳ್ಳೇ ರೇಟ್ ಸಿಗ್ತದೆ, ಅಲ್ಲಿವರೆಗೆ ಇಡ್ಬಹುದಾ? ಪಿಪಿಟಿ ಸೊನ್ನೆ ಆಗ್ತದೆ ಅಂತ ಹೆದರಿಸ್ತಾರೆ.

ಉತ್ತರ: ಪಿಪಿಟಿ ಅಂದ್ರೆ ಸಾವಿರ ಭಾಗ ನೀರಲ್ಲಿ ಎಷ್ಟು ಭಾಗ ಉಪ್ಪು ಅಂತ, ಸಮುದ್ರದ್ದು 35ರ ಹತ್ರ. ಮಳೆ ಬಿದ್ದ ಮೇಲೆ ಹೊಳೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುದು ಹೌದು. ಆದ್ರೆ ಸೀಬಾಸ್ ಉಪ್ಪುನೀರು ಸಿಹಿನೀರು ಎರಡರಲ್ಲೂ ಬದುಕ್ತದೆ, ಕರಿಮೀನೂ ಹಾಗೇ. ಕೋಬಿಯಾ ಆದ್ರೆ ಹೊಳೆಯಲ್ಲಿ ಮಳೆಗಾಲ ಕಳೀಲಿಕ್ಕೆ ಆಗುದಿಲ್ಲ, ಕೆಂಬೇರಿಯನ್ನೂ ನಾನು ನಂಬುದಿಲ್ಲ. ನಿಮಗೆ ಹೆದರಿಕೆ ಇರ್ಬೇಕಾದ್ದು ಉಪ್ಪಿಗಿಂತ ಹೆಚ್ಚು ನೆರೆಗೆ. ಕೆಂಪು ನೀರಿನ ಮಣ್ಣು ಕಿವಿರಿಗೆ ತುಂಬ್ತದೆ, ಮರದ ದಿಮ್ಮಿ, ಕಸ ಬಂದು ಬಲೆಗೆ ಹೊಡೀತದೆ, ಪಚ್ಚಿಲೆ ಚಿಪ್ಪು ಬೆಳೆದು ಕಣ್ಣು ಮುಚ್ಚಿದ ಬಲೆ ಆದ್ರೆ ಸೆಳೆತಕ್ಕೆ ಪಂಜರವೇ ಎಳ್ಕೊಂಡು ಹೋಗ್ತದೆ.

ಯಾಂತ್ರಿಕ ಬೋಟುಗಳ ನಿಷೇಧ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಅಷ್ಟೂ ದಿನ ಕಾಯುವ ಆಸೆ ಬೇಡ. ಮೇ ಕೊನೆಯಲ್ಲಿ ದೊಡ್ಡದೆಲ್ಲ ತೆಗೆದು ಮಾರಿ, ಉಳಿದದ್ದು ಬೇಕಾದ್ರೆ ಸೆಳೆತ ಇಲ್ಲದ ಒಳಹಿನ್ನೀರಿಗೆ ಪಂಜರ ಎಳೆದು ಜೂನ್ ಮೊದಲ ವಾರ ನೋಡಿ ಮಾರಿ. ಮತ್ತೆ ಗ್ರೇಡಿಂಗ್ ಬಿಡ್ಬೇಡಿ. ಸೀಬಾಸ್ ತನ್ನ ಜೊತೆಯ ಸಣ್ಣದನ್ನೇ ನುಂಗುವ ಜಾತಿ, ಮರಿ ಇರುವಾಗ ವಾರಕ್ಕೊಮ್ಮೆಯಾದ್ರೂ ಸೈಜ್ ಪ್ರಕಾರ ಬೇರೆ ಮಾಡದಿದ್ರೆ ಸತ್ತ ಮೀನೂ ಸಿಗುದಿಲ್ಲ, ಲೆಕ್ಕ ಮಾತ್ರ ಕಡಿಮೆ ಆಗ್ತಾ ಹೋಗ್ತದೆ. (ಇದೆಲ್ಲ ಗಂಡಾಗಿ ಬೆಳೆದು ಕೆಲವು ವರ್ಷ ಆದ ಮೇಲೆ ಹೆಣ್ಣಾಗುವ ಮೀನು, ಅದು ಬೇರೆ ಕಥೆ.)

ಪ್ರಶ್ನೆ (ಸುರತ್ಕಲ್): ಟೆರೇಸ್ ಪಕ್ಕ 4 ಮೀಟರ್ ಅಗಲದ ದುಂಡು ಟ್ಯಾಂಕಲ್ಲಿ ಬಯೋಫ್ಲಾಕ್ ಮಾಡ್ಬೇಕು ಅಂತ ಉಂಟು. ಬೆಲ್ಲ ಎಷ್ಟು ಹಾಕುದು? ಯಾವ ಮೀನು?

ಉತ್ತರ: ಮೊದಲು ನಿಮ್ಮಲ್ಲಿ ಜನರೇಟರ್ ಅಥವಾ ಇನ್ವರ್ಟರ್ ಉಂಟಾ ಹೇಳಿ. ಬಯೋಫ್ಲಾಕಲ್ಲಿ ನೀರು ಬದಲಿಸುದಿಲ್ಲ, ಮೀನಿನ ಗಲೀಜಿನ ಅಮೋನಿಯಾವನ್ನು ಬ್ಯಾಕ್ಟೀರಿಯಾ ತಿಂದು ಮುದ್ದೆ ಮುದ್ದೆಯಾಗಿ ತೇಲ್ತದೆ, ಮೀನು ಆ ಮುದ್ದೆಯನ್ನು ತಿಂತದೆ, ಕೇಳ್ಲಿಕ್ಕೆ ಚೆಂದ. ಆದ್ರೆ ಆ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು, ಮೀನು ಕಿಕ್ಕಿರಿದ ಟ್ಯಾಂಕಲ್ಲಿ ಮಳೆಗಾಲದ ರಾತ್ರಿ ಕರೆಂಟ್ ಹೋಗಿ ಗಾಳಿ ನಿಂತ್ರೆ ಒಂದು ಗಂಟೆಯೊಳಗೆ ಎಲ್ಲ ಮುಗೀಬಹುದು.

ಬೆಲ್ಲ ಹಾಕುದು ಕಾರ್ಬನ್‌ಗೋಸ್ಕರ. ಸಿ ಎನ್ ಅನುಪಾತ ಅಂದ್ರೆ ಸಾರಜನಕಕ್ಕೆ ಕಾರ್ಬನ್ ಎಷ್ಟು ಪಟ್ಟು ಉಂಟು ಅಂತ, ಬ್ಯಾಕ್ಟೀರಿಯಾಕ್ಕೆ 12ರಿಂದ 20 ಬೇಕು, ಬರೀ ಫೀಡಲ್ಲಿ ಅಷ್ಟು ಇರುದಿಲ್ಲ. ನಿಮ್ಮ ಟ್ಯಾಂಕಲ್ಲಿ ಒಂದು ಮೀಟರ್ ನೀರು ನಿಲ್ಸಿದ್ರೆ ಸುಮಾರು 12,500 ಲೀಟರ್, ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ ತೋರಿಸಿದ್ರೆ ಒಟ್ಟು 12.5 ಗ್ರಾಂ, ಗ್ರಾಮಿಗೆ 6 ಗ್ರಾಂ ಕಾರ್ಬನ್ ಲೆಕ್ಕದಲ್ಲಿ 75 ಗ್ರಾಂ, ಬೆಲ್ಲದಲ್ಲಿ ಕಾರ್ಬನ್ ಅರ್ಧಕ್ಕಿಂತ ಕಡಿಮೆ ಇರುದ್ರಿಂದ 150ರಿಂದ 200 ಗ್ರಾಂ ಬೆಲ್ಲ. ವಿಡಿಯೋ ನೋಡಿ ದಿನಾ ಒಂದೊಂದು ಕೆಜಿ ಕರಗಿಸಿ ಹಾಕಿದ್ರೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಾಗಿ ಡಿಒ ಕುಸೀತದೆ. ಮೀನು ಅಂದ್ರೆ ಗಿಫ್ಟ್ ತಿಲಾಪಿಯಾ (ತಿಲಾಪಿಯಾದ ಸುಧಾರಿತ ತಳಿ) ಸರಿ, ಅದಕ್ಕೆ ಅನುಮತಿ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಮುಗುಡು ಅಂತ ಹೇಳಿ ಕೊಡುವವರಿದ್ದಾರೆ, ಅದು ನಿಷೇಧ ಇರುವ ಮೀನು, ಹೊಳೆಗೆ ಹೋದ್ರೆ ಇದ್ದದ್ದನ್ನೆಲ್ಲ ತಿಂತದೆ, ಬೇಡವೇ ಬೇಡ. ದುಡ್ಡು ಹಾಕುವ ಮೊದಲು ಮಂಗಳೂರು ಎಕ್ಕೂರಿನ ಮೀನುಗಾರಿಕಾ ಕಾಲೇಜಿಗೆ ಒಮ್ಮೆ ಹೋಗಿ ಕೇಳಿ, 1969ರಲ್ಲಿ ಶುರುವಾದ ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು, ನಿಮಗೆ ಸುರತ್ಕಲ್‌ನಿಂದ ದೂರವೂ ಇಲ್ಲ. ಮತ್ಸ್ಯ ಸಂಪದ ಯೋಜನೆಯ ಸಬ್ಸಿಡಿ ಸಾಮಾನ್ಯ ವರ್ಗಕ್ಕೆ ಶೇಕಡಾ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 60 ಅಂತ ಮಾಡಿದ್ದು, ಈಗ ಅರ್ಜಿ ತಗೊಳ್ತಾರಾ ಅಂತ ಇಲಾಖೆಯಲ್ಲಿ ವಿಚಾರಿಸಿ, ಆದ್ರೆ ಸಬ್ಸಿಡಿ ಬರ್ತದೆ ಅಂತ ಟ್ಯಾಂಕ್ ಏಳು ಎಂಟು ಮಾಡ್ಬೇಡಿ, ಒಂದರಲ್ಲಿ ಒಂದು ಮಳೆಗಾಲ ದಾಟಿಸಿ ನೋಡಿ.