ನಿಮ್ಮ ಪ್ರಶ್ನೆ: ಕರೆಕ್ಷನ್ ಮುಗೀತಿಲ್ಲ, ದುಡ್ಡು ಬರ್ತಿಲ್ಲ

ಪ್ರಶ್ನೆ: ಸರ್ ನಮಸ್ತೆ, ಮನೇಲೇ ಕೂತು ಫ್ರೀಲ್ಯಾನ್ಸ್ ವಿಎಫ್ಎಕ್ಸ್ (ಸಿನಿಮಾ ಗ್ರಾಫಿಕ್ಸ್) ಮಾಡ್ತೀನಿ, ಜಾಸ್ತಿ ರೋಟೋ (ಶಾಟಲ್ಲಿರೋ ಆಳು, ವಸ್ತುವಿನ ಅಂಚಿಗೆ ಫ್ರೇಮ್ ಫ್ರೇಮ್ ಗೆರೆ ಎಳೆದು ಬೇರೆ ಮಾಡೋದು), ಪೇಂಟು (ಬೇಡದ್ದನ್ನ ಅಳಿಸಿ ಹಿನ್ನೆಲೆ ತುಂಬೋದು). ಬೆಂಗಳೂರಿನ ಒಂದು ಸ್ಟುಡಿಯೋದವ್ರು ಸಿನಿಮಾ ಒಂದರ 40 ಶಾಟ್ ರೋಪ್ ರಿಮೂವಲ್ (ಸ್ಟಂಟಿಗೆ ಕಟ್ಟಿದ ಹಗ್ಗ ಅಳಿಸೋದು) ಕೊಟ್ರು, ಶಾಟ್‌ಗಿಷ್ಟು ಅಂತ ಫೋನಲ್ಲೇ ಮಾತಾಯ್ತು. 28 ಕಳ್ಸಿದೀನಿ. ಈಗ ದಿನಾ ಒಂದೊಂದು ಕರೆಕ್ಷನ್ ಹೇಳ್ತಾರೆ, ದುಡ್ಡು ಕೇಳಿದ್ರೆ ಪ್ರೊಡ್ಯೂಸರ್ ಕೊಟ್ಟಿಲ್ಲ, ಪಿಕ್ಚರ್ ರಿಲೀಸ್ ಆಗ್ಲಿ ಅಂತಾರೆ. ಏನ್ಮಾಡ್ಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಉಳಿದ 12 ಶಾಟ್ ಕಳಿಸ್ಬೇಡಿ. ಕೆಲ್ಸ ನಿಲ್ಸಿ ಅಂತಲ್ಲ, ಮಾಡಿಟ್ಕೊಳ್ಳಿ, ನೋಡೋಕೆ ಅಂತ ವಾಟರ್‌ಮಾರ್ಕ್ ಹಾಕಿದ ಸಣ್ಣ ಎಂಪಿ4 ಮಾತ್ರ ಕಳ್ಸಿ, ಇಎಕ್ಸ್ಆರ್ ಫ್ರೇಮ್ಸ್ (ಪೂರ್ತಿ ಕ್ವಾಲಿಟಿಯ ಫೈಲು) ನಿಮ್ ಹಾರ್ಡ್ ಡಿಸ್ಕಲ್ಲೇ ಇರ್ಲಿ. ಜಗಳ ಬೇಡ. ಒಂದು ಮೇಲ್ ಹಾಕಿ, ಇಂಥಾ ತಾರೀಕು ಇಷ್ಟು ಶಾಟ್ ಕೊಟ್ಟೆ, ಇಷ್ಟು ಅಪ್ರೂವ್ ಆಗಿದೆ, ಮಾತಾಡಿದ್ದ ರೇಟಿನ ಪ್ರಕಾರ ಇಷ್ಟು ಬರ್ಬೇಕು, ಬಂದ ತಕ್ಷಣ ಉಳಿದಿದ್ದು ಅಪ್‌ಲೋಡ್ ಮಾಡ್ತೀನಿ ಅಂತ. ಅವ್ರು 'ಓಕೆ ಬ್ರೋ ನೆಕ್ಸ್ಟ್ ವೀಕ್' ಅಂತ ರಿಪ್ಲೈ ಮಾಡಿದ್ರೂ ಸಾಕು, ಫೋನಲ್ಲಿ ಆಗಿದ್ದ ಮಾತಿಗೆ ಒಂದು ದಾಖಲೆ ಆಯ್ತು. ಪ್ರೊಡ್ಯೂಸರ್ ಕೊಟ್ನೋ ಬಿಟ್ನೋ ಅದು ಸ್ಟುಡಿಯೋದವರ ತಲೆನೋವು, ನಿಮಗೆ ಕೆಲ್ಸ ಹೇಳಿದ್ದು ಅವ್ರು, ಬಿಲ್ ಅವರ ಹೆಸರಿಗೇ ಹೋಗ್ಬೇಕು.

ಇನ್ನೊಂದು, ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ) ಮಾಡಿಸಿದೀರಾ? ಆಧಾರ್, ಪ್ಯಾನ್ ಇದ್ರೆ ಸರ್ಕಾರದ ವೆಬ್‌ಸೈಟಲ್ಲಿ ಫ್ರೀಯಾಗಿ ಆಗತ್ತೆ, ಇದಕ್ಕೆ ಸಾವಿರಗಟ್ಲೆ ಕೇಳೋ ಏಜೆಂಟ್‌ಗಳಿದಾರೆ, ಕೊಡ್ಬೇಡಿ. 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರ ಹತ್ರ ಕೆಲ್ಸ ಮಾಡಿಸ್ಕೊಂಡವ್ರು ಹೆಚ್ಚು ಅಂದ್ರೆ 45 ದಿನದೊಳಗೆ ದುಡ್ಡು ಕೊಡ್ಬೇಕು, ತಡ ಆದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಕೊಡ್ಲಿಲ್ಲ ಅಂದ್ರೆ ಎಂಎಸ್ಎಂಇ ಸಚಿವಾಲಯದ ಪೋರ್ಟಲಲ್ಲಿ ದೂರು ಹಾಕ್ಬಹುದು. ಆದ್ರೆ ರಿಜಿಸ್ಟ್ರೇಷನ್ ಕೆಲ್ಸಕ್ಕೆ ಮುಂಚೆನೇ ಆಗಿದ್ರೆ ಒಳ್ಳೇದು, ಹಂಗಾಗಿ ಈ ಸಲ ಕೈಕೊಟ್ರೂ ಮುಂದಿನ ಕೆಲ್ಸಕ್ಕಾದ್ರೂ ಆಗತ್ತೆ, ಇವತ್ತೇ ಮಾಡ್ಸಿ. ನಿಜ ಹೇಳ್ಬೇಕಂದ್ರೆ ದೂರಿನ ತನಕ ಹೋಗೋರು ಕಮ್ಮಿ, ಬಿಲ್ ಮೇಲೆ ಆ ಉದ್ಯಮ್ ನಂಬರ್ ಕಂಡ್ರೇನೇ ಎಷ್ಟೋ ಅಕೌಂಟೆಂಟ್‌ಗಳು ಚುರುಕಾಗ್ತಾರೆ.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ನೀವು ಎಡವಿದ್ದು 'ಶಾಟ್‌ಗಿಷ್ಟು' ಅಂದಾಗ. ಮದ್ವೆ ಅಡುಗೆಯವ್ರು ಎಷ್ಟು ಎಲೆ ಅಂತ ಕೇಳ್ದೆ ರೇಟ್ ಹೇಳ್ತಾರಾ? ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 3 ಸೆಕೆಂಡಿನ ಶಾಟ್ ಅಂದ್ರೆ 72 ಫ್ರೇಮು, 11 ಸೆಕೆಂಡಿಂದು ಅಂದ್ರೆ 264, ಎರಡಕ್ಕೂ ಒಂದೇ ರೇಟಾ? ಅದರ ಮೇಲೆ ಎಡಿಟರ್‌ಗೆ ಜಾಗ ಇರ್ಲಿ ಅಂತ ಹಿಂದೆ ಮುಂದೆ 8-8 ಫ್ರೇಮ್ ಹ್ಯಾಂಡಲ್ಸ್ ಕೊಟ್ಟಿರ್ತಾರೆ, 40 ಶಾಟ್‌ಗೆ ಅದೇ 640 ಫ್ರೇಮ್ ಆಯ್ತು, ಅಂದ್ರೆ 26 ಸೆಕೆಂಡಿಗೂ ಜಾಸ್ತಿ ಕೆಲ್ಸ ಲೆಕ್ಕಕ್ಕೇ ಬರ್ದೆ ಪುಕ್ಸಟ್ಟೆ ಹೋಗತ್ತೆ. ಸ್ಲೋಮೋಷನ್, ಸ್ಪೀಡ್ ರ‍್ಯಾಂಪ್ ಇದ್ರಂತೂ ಪ್ಲೇಟ್‌ನ (ಶೂಟ್ ಆದ ಮೂಲ ಫೈಲಿನ) ಫ್ರೇಮ್ ರೇಂಜ್ ತೆಗೆದು ನೋಡ್ದೆ ಹೂಂ ಅನ್ಬೇಡಿ, ಟೈಮ್‌ಲೈನಲ್ಲಿ ಕಾಣೋದೇ ಬೇರೆ ಕೈಗೆ ಬರೋದೇ ಬೇರೆ.

ಫ್ರೇಮ್ ಒಂದೇ ಅಲ್ಲ. ಕ್ಯಾಮ್ರಾ ಟ್ರೈಪಾಡ್ ಮೇಲಿದೆ, ಹಿಂದೆ ಬರೀ ಗೋಡೆ, ಒಂದು ಕ್ಲೀನ್ ಪ್ಲೇಟ್ (ರೋಪ್ ಇಲ್ಲದ ಖಾಲಿ ಹಿನ್ನೆಲೆ) ತೆಗೆದು ಅಂಟಿಸಿದ್ರೆ ಅರ್ಧ ದಿನದ ಕೆಲ್ಸ. ಅದೇ ಹೀರೋ ಟೆರೇಸಿಂದ ಹಾರ್ತಾನೆ, ಕ್ಯಾಮ್ರಾ ಕೈಯಲ್ಲಿ ಅಲ್ಲಾಡ್ತಿದೆ, ರೋಪ್ ಅವನ ಮುಖದ ಮೇಲೆ ಹಾದು ಹೋಗತ್ತೆ, ಕೂದ್ಲು ಹಾರಾಡ್ತಿದೆ, ಜೊತೆಗೆ ರೋಪಿನ ನೆರಳು ಶರ್ಟ್ ಮೇಲೆ ಬಿದ್ದಿದೆ ಅಂದ್ರೆ ಫ್ರೇಮ್ ಫ್ರೇಮ್ ಕೂತು ಪೇಂಟ್ ಮಾಡ್ಬೇಕು, ದಿನಗಟ್ಲೆ ಹೋಗತ್ತೆ. ಅದಕ್ಕೇ ಮೊದ್ಲು ಪ್ಲೇಟ್ ಕಳ್ಸಿ ಅನ್ನಿ, ನೋಡಿ, ಈ ಶಾಟ್‌ಗೆ ಇಷ್ಟು ಮ್ಯಾನ್ ಡೇ (ಒಬ್ಬರ ಒಂದು ದಿನದ ಕೆಲ್ಸ) ಅಂತ ಬರ್ದು ಕೋಟ್ ಮಾಡಿ. ಪ್ಲೇಟ್ ತೋರ್ಸದೆ ರೇಟ್ ಹೇಳು ಅನ್ನೋರ ಕೆಲ್ಸ ಬಿಟ್ರೂ ನಷ್ಟ ಇಲ್ಲ.

ಕರೆಕ್ಷನ್ ಬಗ್ಗೆ. ಎಡ್ಜ್ ನಡುಗ್ತಿದೆ, ನೆರಳು ಉಳ್ಕೊಂಡಿದೆ ಅಂದ್ರೆ ಅದು ನಿಮ್ಮ ಕೆಲ್ಸದ ತಪ್ಪು, ಎಷ್ಟು ಸಲ ಆದ್ರೂ ಫ್ರೀಯಾಗಿ ಸರಿ ಮಾಡ್ಬೇಕು. ಎಡಿಟಲ್ಲಿ ಬೇರೆ ಟೇಕ್ ಹಾಕಿದ್ರು, ಡೈರೆಕ್ಟರ್‌ಗೆ ಈಗ ಹಿಂದಿನ ವೈರ್ ಕಂಬಾನೂ ತೆಗೀಬೇಕು ಅನ್ಸಿದೆ ಅಂದ್ರೆ ಅದು ಹೊಸ ಕೆಲ್ಸ, ಹೊಸ ರೇಟು. ಈ ಗೆರೆ ಕೋಟಲ್ಲೇ ಎಳೀರಿ. ಅಡ್ವಾನ್ಸ್ ಇಲ್ದೆ ಶುರು ಮಾಡ್ಬೇಡಿ, ಬಾಕಿನ ಬ್ಯಾಚ್ ಬ್ಯಾಚ್ ಲೆಕ್ಕದಲ್ಲಿ ತಗೊಳ್ಳಿ. ಟಿಡಿಎಸ್ ಸಾಮಾನ್ಯವಾಗಿ ಶೇ 10 ಹಿಡಿತಾರೆ, ಹಿಡಿದಿದ್ದು ನಿಮ್ ಪ್ಯಾನ್ ಹೆಸರಲ್ಲಿ ಜಮಾ ಆಗಿದೆಯಾ ಅಂತ ಇನ್‌ಕಮ್ ಟ್ಯಾಕ್ಸ್ ಪೋರ್ಟಲಲ್ಲಿ ನೋಡ್ಕೊಳ್ಳಿ.

ಪ್ರಶ್ನೆ: ಸರ, ನಾ ಬಿಕಾಂ ಮುಗಿಸೇನಿ, ಮನ್ಯಾಗ ಯೂಟ್ಯೂಬ್ ನೋಡಿ ಬ್ಲೆಂಡರ್ (3ಡಿ ಸಾಫ್ಟ್‌ವೇರ್) ಕಲ್ತೇನಿ. ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡೂವಷ್ಟು ರೊಕ್ಕ ಇಲ್ರಿ. ಬ್ಲೆಂಡರ್ ಫ್ರೀ ಐತಿ ಅಂತ ಕ್ಲೈಂಟ್ ಮಂದಿ ಕಿಮ್ಮತ್ತು ಕೊಡೂದಿಲ್ಲ ಅಂತಾರ, ಖರೇನ್ರಿ? ನ್ಯೂಕ್ (ಕಂಪೋಸಿಟಿಂಗ್, ಅಂದ್ರ ಬ್ಯಾರೆ ಬ್ಯಾರೆ ದೃಶ್ಯ ಒಂದ್ರಾಗ ಕೂಡಿಸೂ ಸಾಫ್ಟ್‌ವೇರ್) ಫ್ರೀ ವರ್ಷನ್ದಾಗ ಮಾಡಿ ಬಿಲ್ ಹಾಕಬಹುದೇನ್ರಿ?
– ಓದುಗಿ, ಹುಬ್ಬಳ್ಳಿ

ಉತ್ತರ: ನ್ಯೂಕ್ ನಾನ್ ಕಮರ್ಷಿಯಲ್ ಕಲಿಯೋಕೆ ಮಾತ್ರ, ಬಿಲ್ ಹಾಕೋ ಕೆಲ್ಸಕ್ಕೆ ಬಳಸೋ ಹಾಗಿಲ್ಲ ತಂಗಿ, ಔಟ್‌ಪುಟ್ಟೂ 1920 ಬೈ 1080 ದಾಟಲ್ಲ. ಹೂಡಿನಿ ಅನ್ನೋ 3ಡಿ ಸಾಫ್ಟ್‌ವೇರಿನ ಫ್ರೀ ವರ್ಷನ್ ಅಪ್ರೆಂಟಿಸ್ಸೂ ಅಷ್ಟೇ, ರೆಂಡರ್ (ಕೊನೆಗೆ ಹೊರಬರೋ ಚಿತ್ರ) ಮೇಲೆ ವಾಟರ್‌ಮಾರ್ಕ್ ಬರತ್ತೆ. ಬ್ಲೆಂಡರ್‌ಗೆ ಈ ತಾಪತ್ರಯ ಇಲ್ಲ, 2002ರಿಂದ ಓಪನ್ ಸೋರ್ಸು, ಅದರಲ್ಲಿ ಮಾಡಿದ್ದು ನಿಮ್ದೇ, ಧಾರಾಳವಾಗಿ ಮಾರ್ಬಹುದು. ಕಂಪೋಸಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ (ಎಡಿಟಿಂಗ್ ಸಾಫ್ಟ್‌ವೇರ್) ಫ್ರೀ ವರ್ಷನ್ ಒಳಗೇ ಫ್ಯೂಷನ್ ಅನ್ನೋ ಟೂಲ್ ಇದೆ. ಅಂಗಡಿ ಆ್ಯಡು, ಪ್ರಾಡಕ್ಟ್ ವಿಡಿಯೋ, ಮನೆ ಕಟ್ಟೋರ ವಾಕ್‌ಥ್ರೂ, ಇವಕ್ಕೆಲ್ಲ ಕ್ಲೈಂಟ್‌ಗೆ ಬೇಕಿರೋದು ಕೊನೆ ವಿಡಿಯೋ, ಯಾವ ಸಾಫ್ಟ್‌ವೇರ್ ಅಂತ ಯಾರೂ ಕೇಳಲ್ಲ. ಸಿನಿಮಾ ಸ್ಟುಡಿಯೋ ಕೆಲ್ಸ ಆದ್ರೆ ನ್ಯೂಕ್ ಸ್ಕ್ರಿಪ್ಟೇ (ನ್ಯೂಕ್ ಪ್ರಾಜೆಕ್ಟ್ ಫೈಲು) ಬೇಕು ಅನ್ನೋರು ಜಾಸ್ತಿ, ಮೊದ್ಲೇ ಕೇಳ್ಕೊಳ್ಳಿ.

ಕೋರ್ಸ್‌ಗೆ ಇಡೋ ದುಡ್ಡಲ್ಲಿ ಒಳ್ಳೆ ಗ್ರಾಫಿಕ್ಸ್ ಕಾರ್ಡು, ಯುಪಿಎಸ್ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ, ಒಪ್ಪದೇ ಇರೋರೂ ಇದಾರೆ. ಮತ್ತೆ ಯಾವತ್ತೂ ನೇರವಾಗಿ ವಿಡಿಯೋಗೆ ರೆಂಡರ್ ಹಾಕ್ಬೇಡಿ, ಇಮೇಜ್ ಸೀಕ್ವೆನ್ಸ್‌ಗೆ (ಒಂದೊಂದು ಫ್ರೇಮೂ ಬೇರೆ ಬೇರೆ ಚಿತ್ರ ಫೈಲ್) ಹಾಕಿ. ರಾತ್ರಿ ಕರೆಂಟ್ ಹೋಯ್ತು ಅಂದ್ಕೊಳ್ಳಿ, ವಿಡಿಯೋ ಆದ್ರೆ ಮೊದಲಿಂದ, ಸೀಕ್ವೆನ್ಸ್ ಆದ್ರೆ ಬ್ಲೆಂಡರ್ ಔಟ್‌ಪುಟ್ಟಲ್ಲಿ ಓವರ್‌ರೈಟ್ ಟಿಕ್ ತೆಗೆದಿದ್ರೆ ಆಗಿರೋ ಫ್ರೇಮ್ ಬಿಟ್ಟು ಮುಂದಿಂದ ಶುರುವಾಗತ್ತೆ. ನಿಂತಾಗ ಅರ್ಧಕ್ಕೆ ಬರೆದಿದ್ದ ಕೊನೇ ಫ್ರೇಮ್ ಇದ್ರೆ ಅದನ್ನ ಮಾತ್ರ ಡಿಲೀಟ್ ಮಾಡಿ.

ಪ್ರಶ್ನೆ: ಎಐ ಬಂದಿದೆಯಲ್ಲ ಸರ್, ಈಗ ರೋಟೋ ಕಲಿಯೋದು ವೇಸ್ಟಾ?
– ಓದುಗ, ಮೈಸೂರು

ಉತ್ತರ: ಬರೀ ರೋಟೋ ನಂಬ್ಕೊಂಡು ಬರ್ಬೇಡಿ. ಸುಲಭದ ಮ್ಯಾಟ್ (ಬೇರೆ ಮಾಡಿ ತೆಗೆದ ಆಕಾರ) ಈಗ ಸಾಫ್ಟ್‌ವೇರೇ ಕೊಡತ್ತೆ. ಕೂದ್ಲು, ಮೋಷನ್ ಬ್ಲರ್, ಇಬ್ರು ತಬ್ಕೊಂಡಿರೋ ಶಾಟು, ಇವೆಲ್ಲ ಇನ್ನೂ ಕೈ ಕೇಳತ್ತೆ. ಅದರ ಜೊತೆ 2025ರ ಫೆಬ್ರವರಿಯಲ್ಲಿ ವಿಎಫ್ಎಕ್ಸ್‌ನ ದೊಡ್ಡ ಕಂಪನಿ ಟೆಕ್ನಿಕಲರ್ ಗ್ರೂಪ್ ಕುಸಿದಾಗ ಬೆಂಗಳೂರಿನ ಸ್ಟುಡಿಯೋಲಿದ್ದ ಎಷ್ಟೋ ಸೀನಿಯರ್‌ಗಳು ಕೆಲ್ಸ ಕಳ್ಕೊಂಡ್ರು, ಫ್ರೀಲ್ಯಾನ್ಸ್ ಕೆಲ್ಸಕ್ಕೆ ಅಂಥೋರ ಜೊತೆಗೂ ಪೈಪೋಟಿ ಇರತ್ತೆ. ರೋಟೋ ಕಲೀರಿ, ಆರು ತಿಂಗ್ಳಲ್ಲಿ ಪೇಂಟು, ಆಮೇಲೆ ಕಂಪೋಸಿಟಿಂಗ್ ಕಡೆ ದಾಟಿ.