ಅಜ್ಜನ ಧರ್ಮ, ಮೊಮ್ಮಗನ ಕಡತ

ನಾಜಿ ಜರ್ಮನಿಯ ಕ್ರೈಸ್ತ ಕುಟುಂಬವೊಂದಕ್ಕೆ ಒಬ್ಬ ಯಹೂದಿ ಅಜ್ಜನನ್ನು ಮರೆಮಾಚುವುದು ಅಷ್ಟು ಕಷ್ಟವಿತ್ತೇ, ಮಕ್ಕಳಿಗೂ ಏಕೆ ಹೇಳುತ್ತಿರಲಿಲ್ಲ ಎಂದು ಕೇಳಿದ್ದೀರಿ.

ಬಹಳ ಕಷ್ಟವಿತ್ತು. 1935ರ ನ್ಯೂರೆಂಬರ್ಗ್ ಕಾನೂನುಗಳು ವ್ಯಕ್ತಿಯ ನಂಬಿಕೆಯನ್ನಲ್ಲ, ಅವನ ಅಜ್ಜ ಅಜ್ಜಿಯರ ಧರ್ಮವನ್ನು ಲೆಕ್ಕ ಹಾಕಿದವು. ನಾಲ್ವರಲ್ಲಿ ಮೂವರು ಯಹೂದಿಗಳಾಗಿದ್ದರೆ ಅವನು ಯಹೂದಿ. ಒಬ್ಬರೇ ಆಗಿದ್ದರೆ ಎರಡನೆಯ ದರ್ಜೆಯ ‘ಮಿಶ್ರ’. ಸರ್ಕಾರಿ ನೌಕರಿ ಬೇಕೆಂದರೆ ವಂಶದ ದಾಖಲೆ ಒಪ್ಪಿಸಬೇಕಿತ್ತು. ಅದಕ್ಕಾಗಿ ಚರ್ಚುಗಳ ಹಳೆಯ ದೀಕ್ಷಾಸ್ನಾನದ ದಫ್ತರಗಳನ್ನೂ ಜಾಲಾಡುತ್ತಿದ್ದರು. ದೇವರ ಹೆಸರಿನಲ್ಲಿ ಬರೆದಿಟ್ಟ ಪುಸ್ತಕಗಳು ಇಂಥ ಕೆಲಸಕ್ಕೆ ಬಳಕೆಯಾದದ್ದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಮುಂದೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಆದ ಹೆಲ್ಮುಟ್ ಶ್ಮಿಟ್ ಅವರ ಮನೆಯನ್ನೇ ನೋಡಿ. ಅವರ ತಂದೆ ಶಿಕ್ಷಕರು, ಯಹೂದಿ ಬ್ಯಾಂಕರ್ ಒಬ್ಬರ ವಿವಾಹೇತರ ಮಗ. ತಿದ್ದಿದ ಕಾಗದಪತ್ರಗಳ ಬಲದಿಂದ ಆ ಗುಟ್ಟು ಉಳಿಯಿತು. ಹದಿಹರೆಯದಲ್ಲೇ ವಿಷಯ ತಿಳಿದಿದ್ದ ಮಗ ಹಿಟ್ಲರನ ಸೇನೆಯಲ್ಲಿ ಅಧಿಕಾರಿಯಾಗಿ ಯುದ್ಧ ಮುಗಿಸಿದರು. ಜಗತ್ತಿಗೆ ತಿಳಿದದ್ದು 1984ರಲ್ಲಿ, ಅವರು ಅಧಿಕಾರ ಬಿಟ್ಟ ಮೇಲೆ.

ಮಕ್ಕಳ ವಿಷಯಕ್ಕೆ ಬಂದರೆ, ಹೇಳದಿರುವುದೇ ರಕ್ಷಣೆ ಎಂದು ಅನೇಕ ಹೆತ್ತವರು ಭಾವಿಸಿದ್ದರು. ತರಗತಿಯಲ್ಲಿ ‘ಜನಾಂಗ ವಿಜ್ಞಾನ’ದ ಪಾಠ, ಹೊರಗೆ ಹಿಟ್ಲರ್ ಯುವದಳ, ಮಗು ಗೆಳೆಯನೊಬ್ಬನಿಗೆ ಬಾಯಿಬಿಟ್ಟರೂ ತಂದೆಯ ನೌಕರಿ ಹೋಗಬಹುದಿತ್ತು. ಹೀಗಾಗಿ ಯಹೂದಿಗಳನ್ನು ದ್ವೇಷಿಸಲು ಶಾಲೆಯಲ್ಲಿ ಕಲಿತ ಮಗು, ತಾನು ಯಾರ ಮೊಮ್ಮಗು ಎಂಬುದನ್ನು ಅರಿಯದೆಯೇ ಮನೆಗೆ ಬಂದು ಆ ಪಾಠವನ್ನು ಒಪ್ಪಿಸುತ್ತಿತ್ತು. ಹೆತ್ತವರು ಅದನ್ನು ತಿದ್ದುವಂತಿರಲಿಲ್ಲ.